ಇಂದಿನ ಸ್ಪೆಷಲ್, ನಿನ್ನೆಯ ಗಾಳಿ

ಡೊಂಬಿವಲಿ ಸ್ಟೇಷನ್ ಹತ್ತಿರ ಕಮಲಾಕ್ಷ ಮಾವನ ಹೋಟೆಲು. ಮುಂದೆ ಕಪ್ಪು ಹಲಗೆ. ಮೇಲಿನ ಸಾಲಿನಲ್ಲಿ 'ಇಂದಿನ ಸ್ಪೆಷಲ್', ಅದರ ಕೆಳಗೆ 'ನಿನ್ನೆಯ ಗಾಳಿ'. ೨೦೧೩ರಲ್ಲಿ ಮಳೆ ನಿಂತ ಮೇಲೆ ಶುರುವಾದ ಆ ಎರಡನೇ ಸಾಲು ನನ್ನದು, ಕಲ್ಯಾಣದ ಕಾಲೇಜಿನಲ್ಲಿ ಬಾಟನಿ ಓದುವ ಮಾನಸಿಯದ್ದು!

ಟೆರೇಸಿನಲ್ಲಿ ಹೋಟೆಲಿನದೇ ಎರಡು ಊಟದ ತಟ್ಟೆಗಳನ್ನು ನಡುವೆ ಜಾಗ ಬಿಟ್ಟು ಒಂದರ ಮೇಲೊಂದು ಕೂರಿಸಿದ್ದೆ. ಮೇಲಿನದು ಮಳೆಗೆ ಕೊಡೆ. ಕೆಳಗಿನದರ ಮೇಲೆ ವ್ಯಾಸಲಿನ್ ಸವರಿದ ಗಾಜಿನ ಸ್ಲೈಡು. ಗಾಳಿಯಲ್ಲಿ ಬಂದ ಪರಾಗ ಅದಕ್ಕೆ ಅಂಟುತ್ತದೆ. ಮರುದಿನ ಅದಕ್ಕೆ ಬಣ್ಣ ಹಾಕಿದರೆ ಪರಾಗ ಮಾತ್ರ ಚಂದದ ಗುಲಾಬಿ. ಕಾಲೇಜಿನಿಂದ ಕೇಳಿ ತಂದ ಮೈಕ್ರೋಸ್ಕೋಪಿನಲ್ಲಿ ಸಾಲು ಸಾಲಾಗಿ ಎಣಿಸಿ ಕಮ್ಮಿ, ಸಾಧಾರಣ, ಜಾಸ್ತಿ, ಇಷ್ಟರಲ್ಲಿ ಒಂದನ್ನು ಹಲಗೆಗೆ ಹಾಕುವುದು.

ಆ ಹಲಗೆಯನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ಸುಗುಣಾ ಅತ್ತೆ. ಅವಳ ಮಗಳು ತನ್ವಿಗೆ ಹುಲ್ಲಿನ ಪರಾಗ ಆಗುವುದಿಲ್ಲ. ಹೋದ ವರ್ಷ ಕನ್ನಡ ಸಂಘದ ತ್ರೋಬಾಲ್ ನಡುವೆಯೇ ಉಸಿರು ಕಟ್ಟಿ ಬಿದ್ದಿದ್ದಳು. ಈ ಸಲ ಅವಳು ಕ್ಯಾಪ್ಟನ್. ಆದಿತ್ಯವಾರ ಮ್ಯಾಚು.

ಶನಿವಾರ ಸ್ಲೈಡಿಗೆ ಬಣ್ಣ ಹಾಕಿದ್ದೇ ಕಣ್ಣಿಟ್ಟೆ.

"ಎಂತ ಕಾಣ್ತದೆ?" ಮಾವ ಕೇಳಿದರು.

"ಅಯ್ಯೋ ಮಾವ, ತುಂಬಿ ತುಳುಕ್ತಾ ಉಂಟು! ತಡೀರಿ, ಬಣ್ಣ ಇನ್ನೂ..."

ಮಾವ ತಡೆಯಲಿಲ್ಲ. ಹಲಗೆಯಲ್ಲಿ 'ಜಾಸ್ತಿ' ಎಂದು ಬರೆದು, "ನಮ್ಮ ಮಾನಸಿ ಕಂಡುಹಿಡಿದದ್ದು" ಎಂದು ಟೇಬಲ್ ಟೇಬಲಿಗೂ ಸಾರಿದರು.

"ಹಾಗಾದ್ರೆ ನಾಳೆ ಗ್ರೌಂಡಿಗೆ ಹೋಗುದು ಬೇಡ" ಎಂದಳು ಅತ್ತೆ.

ತನ್ವಿ ನನ್ನ ದುಪಟ್ಟಾ ಎಳೆದಳು. "ಅಕ್ಕ, ಪ್ಲೀಸ್, ಕಮ್ಮಿ ಅಂತ ಬರೆದುಬಿಡು ನಾ. ಕೌನ್ ದೇಖತಾ ಹೈ?"

"ನಾನು ನೋಡ್ತೇನಲ್ಲ ಮಾರಾಯ್ತಿ."

ಹಾಗೆಂದು ಮತ್ತೆ ಕಣ್ಣಿಟ್ಟೆ. ಈಗ ಬಣ್ಣ ಹಿಡಿದಿತ್ತು, ಅಲ್ಲೊಂದು ಇಲ್ಲೊಂದು ಕಾಳಿಗೆ ಮಾತ್ರ. ಉಳಿದ ಉರುಟು ಕಾಳುಗಳೆಲ್ಲ ನೀರಿನ ಹಾಗೆ ಬೆಳ್ಳಗೆ. ಟೆರೇಸಿಗೆ ಓಡಿದೆ. ನನ್ನ ತಟ್ಟೆಗಳ ಪಕ್ಕದಲ್ಲೇ ಅಡುಗೆಯ ಚೆನ್ನಯಣ್ಣ ಕೂತು ಮೈದಾ ಜರಡಿ ಹಿಡಿಯುತ್ತಿದ್ದ.

"ನಿನ್ನೆಯೂ ಇಲ್ಲೇ ಮಾಡಿದ್ರಾ?"

"ಹೌದು. ದೀಪಾವಳಿಗೆ ತುಕ್ಕುಡಿ ಕರಿಯುದು ಬೇಡ್ವಾ? ಕೆಳಗೆ ಪೇಂಟಿಂಗ್ ಉಂಟಲ್ಲ."

ಕೆಳಗೆ ಬಂದು ಹೇಳಿದರೆ ಅತ್ತೆ ಸೊಂಟಕ್ಕೆ ಕೈಯಿಟ್ಟಳು. "ಆಗ ಜಾಸ್ತಿ, ಈಗ ಮೈದಾ! ಈ ತನ್ವಿ ನಿನ್ನ ಕಿವಿ ಊದಿದ್ದಲ್ವಾ?"

ಅತ್ತೆಯೇ ನಂಬದ ಹಲಗೆಯನ್ನು ಇನ್ನು ಯಾರು ಓದುತ್ತಾರೆ? ಮೈಕ್ರೋಸ್ಕೋಪನ್ನು ಎತ್ತಿ ಕ್ಯಾಶ್ ಕೌಂಟರಿನ ಮೇಲೆ ಇಟ್ಟೆ. ಸ್ಲೈಡಿನ ಒಂದು ಮೂಲೆಗೆ ಅಯೋಡಿನ್ ಬಿಟ್ಟೆ.

"ನೀವೇ ನೋಡಿ ಅತ್ತೆ."

ಅತ್ತೆ ಒಂದು ಕಣ್ಣು ಮುಚ್ಚಿ ಬಗ್ಗಿದಳು. "ಹಾ! ನೀಲಿ ಆಗ್ತಾ ಉಂಟು!"

"ಅಯೋಡಿನ್ ಬಿದ್ರೆ ಹಿಟ್ಟು ಹಾಗೇ. ಈಗ ಈ ಕಡೆ, ಅಯೋಡಿನ್ ಹೋಗದ ಸಾಲು. ಗುಲಾಬಿಯದ್ದನ್ನು ಮಾತ್ರ ಎಣಿಸಿ."

ಅತ್ತೆ ಎಣಿಸಿದಳು. ಸಂಶಯಕ್ಕೆ ಮತ್ತೊಮ್ಮೆ ಎಣಿಸಿದಳು. ಹಿಂದೆ ಬಿಲ್ಲು ಕೊಡಲು ನಿಂತವರು ಇಣುಕಿದರೆ, "ಲೈನಲ್ಲಿ ಬನ್ನಿ" ಎಂದು ಗದರಿದಳು. ಕೊನೆಗೆ ತಲೆ ಎತ್ತಿ, "ಕಮ್ಮಿಯೇ" ಎಂದಳು.

ಮಾವನ ಮುಖ ಬಾಡಿತು. "ಬರೆದದ್ದನ್ನು ಅಳಿಸಿದ್ರೆ ಗಿರಾಕಿಗಳು ಎಂತ ಹೇಳ್ಯಾರು?"

"ಗೋಳಿಬಜೆ ಮುಗಿದ್ರೆ ಅಳಿಸುದಿಲ್ವಾ ಮಾವ?"

ಅವರು ನಕ್ಕುಬಿಟ್ಟರು. ಅಳಿಸಿ, ಮೊದಲಿಗಿಂತ ದೊಡ್ಡದಾಗಿ ಬರೆದರು: 'ನಿನ್ನೆಯ ಗಾಳಿ: ಕಮ್ಮಿ. ಬೆಳಿಗ್ಗೆ ಜಾಸ್ತಿ ಎಂದದ್ದು ನಮ್ಮದೇ ಮೈದಾ.'

ಆದಿತ್ಯವಾರ ಕಲ್ಯಾಣದ ಗ್ರೌಂಡಿನಲ್ಲಿ ಅತ್ತೆ ಇನ್‌ಹೇಲರ್ ಮುಷ್ಟಿಯಲ್ಲಿ ಹಿಡಿದು ಗೆರೆಯ ಪಕ್ಕದಲ್ಲೇ ನಿಂತಿದ್ದಳು. ತನ್ವಿ ಕೊನೆಯ ಬಾಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿ ಎಸೆದಾಗ ಆಚೆ ಟೀಮಿನವರ ಕೈಗೆ ಅದು ಸಿಗಲೇ ಇಲ್ಲ. ನಾನು ಕುಣಿದ ಕುಣಿತಕ್ಕೆ ಚಪ್ಪಲಿ ಕಿತ್ತುಹೋಯಿತು. ಅತ್ತೆಯ ಮುಷ್ಟಿ ಸಡಿಲಾದದ್ದು ಆಗಲೇ.

ಪಕ್ಕದಲ್ಲಿದ್ದ ರಮಾಮಣಿ ಆಂಟಿ ಕೇಳಿದರು, "ಹೋದ ವರ್ಷ ಅಷ್ಟೆಲ್ಲ ಆಯ್ತು, ಈ ಸಲ ಹೇಗೆ ಬಿಟ್ರಿ? ಯಾರು ಹೇಳಿದ್ದು ಪರವಾಗಿಲ್ಲ ಅಂತ?"

ನಾನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡಳು.

"ಯಾರು ಎಂತ ಹೇಳುದು? ನಾನೇ ಎಣಿಸಿದ್ದು."