ತೊಟ್ಟಿಯ ಹುಳಗಳು

“ಸುರಿಯಲೇ, ಮೂರೂ ಚೀಲ ಸುರಿ!” ನಾಗೇಂದ್ರಪ್ಪ ಮೂಗಿಗೆ ಶಲ್ಯ ಒತ್ತಿಕೊಂಡೇ ಕೂಗಿದ. ಹೊಸಹಳ್ಳಿ ರಸ್ತೆಯ ಹಾಲಿನ ಡೈರಿ ಅವನದು. ಮೊಸರು ತುಂಬುವ ಹೊಸ ಮಿಷನ್ನಿನ ಪೂಜೆಗೆ ಸ್ವಾಮಿಗಳು ಇನ್ನೊಂದು ತಾಸಿಗೆ ಬರುವವರಿದ್ದರು. ಅಷ್ಟರೊಳಗೆ ಕೊಳಚೆ ತೊಟ್ಟಿಯ ವಾಸನೆ ಅಡಗಬೇಕಿತ್ತು.

ಬ್ಲೀಚಿಂಗ್ ಪೌಡರಿನ ಚೀಲ ಹಿಡಿದ ಭೀಮರಾಜ ಅಲ್ಲಾಡಲಿಲ್ಲ. ಡೈರಿ ತೊಳೆದ ನೀರನ್ನು ತಿಳಿ ಮಾಡಿ ಹಳ್ಳಕ್ಕೆ ಬಿಡುವುದು ಅವನ ಕೆಲಸ. ಸಗಣಿ ರಾಡಿ, ಬೆಲ್ಲ ಹಾಕಿ, ಬಿಡದೆ ಗಾಳಿ ಊದಿಸಿ, ಹಾಲಿನ ಜಿಡ್ಡು ತಿನ್ನುವ ಕಣ್ಣಿಗೆ ಕಾಣದ ಹುಳಗಳನ್ನು ಮೂರು ತಿಂಗಳಿಂದ ಸಾಕಿದ್ದ.

“ಹುಳ ಸಾಯ್ತಾವ್ರಿ ಸಾವ್ಕಾರ್ರ. ಅವು ಸತ್ರ ನೀರು ಕೊಳಿತೈತಿ.”

“ಹುಳಕ್ಕೂ ಮರುಗ್ತೀಯೇನಲೇ? ಬಂದೋರು ಪ್ರಸಾದ ಉಣ್ಣಬೇಕೋ ಬ್ಯಾಡೋ? ಈ ವಾಸ್ನಿ ನಿನಗೇನು ಹೊಸದಲ್ಲ ಬಿಡು, ಹುಟ್ಟಿದಾಗಿಂದ ಕಂಡೀದಿ.”

ಪ್ರಸಾದ ಮಾಡಲು ಬಂದಿದ್ದ ಅಡುಗೆಯವರು ಕಿಸಕ್ಕೆಂದರು. ಭೀಮರಾಜ ಚೀಲ ಬಿಚ್ಚಿದ.

ಪೂಜೆ ಚೆನ್ನಾಗಿಯೇ ಆಯಿತು. “ಎಷ್ಟು ಸ್ವಚ್ಛ ಇಟ್ಟಾರ ನೋಡ್ರಿ,” ಎನ್ನುತ್ತ ಬಂದವರು ಮೊಸರನ್ನ ಚಪ್ಪರಿಸಿದರು.

ಮೂರನೇ ದಿನಕ್ಕೆ ತೊಟ್ಟಿ ಕಪ್ಪಾಯಿತು. ಮೇಲೆ ಬೂದು ಬಣ್ಣದ ದಪ್ಪ ಗಸಿ. ಅದರೊಳಗೆ ಈಗ ಕಣ್ಣಿಗೆ ಕಾಣುವ ಹುಳಗಳೇ ಮಿಜಿಗುಡುತ್ತಿದ್ದವು. ಕೊಳೆತ ಬೆಣ್ಣೆಯಲ್ಲಿ ಇಲಿ ಸತ್ತಂಥ ನಾತ. ಅದು ಭೀಮರಾಜನ ಅಂಗಿಗೆ, ಕೂದಲಿಗೆ, ಬುತ್ತಿಯ ರೊಟ್ಟಿಗೂ ಹತ್ತಿತು. ಎರಡು ಸಲ ವಾಂತಿ ಮಾಡಿಕೊಂಡ.

ನಾಗೇಂದ್ರಪ್ಪ ಹತ್ತಿರ ಸುಳಿಯಲಿಲ್ಲ. ಫೋನಿನಲ್ಲೇ ಹೇಳಿದ: “ವಾಲ್ವ್ ತೆಗಿ. ಎಲ್ಲಾ ಹಳ್ಳಕ್ಕ ಬಿಡು.”

“ಹಳ್ಳದ ದಂಡಿಗೇ ನಮ್ಮ ಕೇರಿ ಬಾವಿ ಐತ್ರಿ.”

“ಗೊತ್ತೈತಿ. ಬಿಡದಿದ್ರ ನಾಳಿಂದ ಬರಬ್ಯಾಡ.”

ಡೈರಿ ತೊಳೆದ ನೀರು ಬರುತ್ತಲೇ ಇತ್ತು; ಬಿಡದಿದ್ದರೆ ಸಂಜೆಯೊಳಗೆ ತೊಟ್ಟಿ ತುಂಬಿ ಡೈರಿಯ ಅಂಗಳಕ್ಕೇ ಉಕ್ಕುತ್ತಿತ್ತು. ಭೀಮರಾಜ ಸ್ಪ್ಯಾನರ್ ಹಾಕಿ ನಟ್ಟು ಬಿಚ್ಚಿ, ವಾಲ್ವ್ ತಿರುಗಿಸುವ ಕಬ್ಬಿಣದ ಚಕ್ರವನ್ನೇ ಕಳಚಿ, ಬೈಕಿನ ಹಿಂದೆ ಕಟ್ಟಿಕೊಂಡು ಮನೆಗೆ ಹೊರಟ.

“ಥೂ, ಏನ್ರಿ ಇದು! ಹೊರಗಿಡ್ರಿ,” ಎಂದಳು ಹೆಂಡತಿ ಸಂಘಮಿತ್ರಾ.

“ಒಳಗ ಇರ್ಲಿ.” ನಡೆದದ್ದನ್ನೆಲ್ಲ ಹೇಳಿ ಬಚ್ಚಲಿಗೆ ಹೋದ. ಸೋಪು ಹಚ್ಚಿದ, ತೊಳೆದ, ಮೂಸಿದ, ಮತ್ತೆ ಹಚ್ಚಿದ.

ಕತ್ತಲಾಗುವ ಮೊದಲೇ ಫೋನು ಬಡಿದುಕೊಂಡಿತು. ಸಂಘಮಿತ್ರಾ ಎತ್ತಿದಳು.

“ಲೇ, ಮಿಷನ್ ಹತ್ರ ಬಂತಲೇ ಗಸಿ! ಚಕ್ರ ಎಲ್ಲೈತಲೇ?”

“ಅವರು ಕೈ ತೊಳಕೊಳ್ಳಾಕತ್ತಾರ್ರಿ,” ಎಂದು ಹೇಳಿ ಫೋನು ಮಗುಚಿಟ್ಟಳು.

ಬಾವಿಯಿಂದ ಆಗಷ್ಟೇ ತಂದ ಕೊಡದ ಪಕ್ಕದಲ್ಲಿ ಚಕ್ರ ಬಿದ್ದಿತ್ತು. ನೊಣಗಳು ಚಕ್ರಕ್ಕಷ್ಟೇ ಮುತ್ತಿದ್ದವು.