ಫೋಟೋದಲ್ಲಿ ಕಂಡ ಎರಡು ಸುಳಿಯ ತಲೆ

ಮುಖ ನೋಡಿ ಜನರ ಗುರುತು ಹಿಡಿಯುವುದು ಲೋಕದ ರೂಢಿ. ನಮ್ಮ ಕಟಿಂಗ್ ಅಂಗಡಿಯವನದು ಬೇರೆಯೇ ರೂಢಿ. ಇಪ್ಪತ್ತೆರಡು ವರ್ಷ ಕುರ್ಚಿಯ ಹಿಂದೆ ನಿಂತೂ ನಿಂತೂ, ಬೀದಿಯ ಅಷ್ಟೂ ಗಂಡಸರು ಅವನಿಗೆ ಬೆನ್ನ ಕಡೆಯಿಂದಲೇ ಪರಿಚಯ. ಯಾರ ಕತ್ತಿನ ಮೇಲೆ ಮಚ್ಚೆ, ಯಾರ ನೆತ್ತಿಯಲ್ಲಿ ಎಷ್ಟು ಸುಳಿ, ಯಾರು ಯಾವ ಕಡೆಯ ಕೂದಲು ಎಳೆದು ತಂದು ಬೋಳು ಮುಚ್ಚುತ್ತಾರೆ, ಎಲ್ಲ ಬಾಯಿಪಾಠ. ಪೇಪರ್ ಓದುವುದೂ ಹಾಗೆಯೇ. ಗಿರಾಕಿ ಕೈಯಲ್ಲಿ ಹಿಡಿದಿರುತ್ತಾನೆ, ಇವನು ಹಿಂದಿನಿಂದ ಇಣುಕುತ್ತಾನೆ. ಪುಕ್ಕಟೆ ಓದು, ಅರ್ಧಂಬರ್ಧ ಓದು.

ಚುನಾವಣೆಗೆ ಹತ್ತು ದಿನ ಉಳಿದಿತ್ತು. ಬೀದಿಯ ಕೊನೆಯಲ್ಲಿರುವ ಹೆರಿಗೆ ಆಸ್ಪತ್ರೆಯನ್ನು ಊರಾಚೆ ಸಾಗಿಸಿ, ಆ ಜಾಗದಲ್ಲಿ ಅಂಗಡಿ ಸಾಲು ಕಟ್ಟಿಸುತ್ತೇನೆ ಎಂದು ಒಬ್ಬ ಕಂಟ್ರಾಕ್ಟರ್ ಚುನಾವಣೆಗೆ ನಿಂತಿದ್ದ. ಕಟಿಂಗ್ ಅಂಗಡಿಯವನ ಮಗಳು ಆಗ ಐದು ತಿಂಗಳ ಬಸುರಿ. ಚೊಚ್ಚಲು, ಮೈಯಲ್ಲಿ ರಕ್ತ ಬೇರೆ ಕಡಿಮೆ. ನೋವು ಶುರುವಾದರೆ ಒಂದು ಗಳಿಗೆಯೂ ತಡ ಮಾಡಬೇಡಿ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು. ಈಗ ಆಸ್ಪತ್ರೆಗೆ ಆರು ನಿಮಿಷದ ನಡಿಗೆ. ಊರಾಚೆ ಹೋದರೆ ಎರಡು ಬಸ್ಸು.

ಸೋಮವಾರ ಬೆಳಿಗ್ಗೆ ಗಿರಾಕಿಯ ಕೈಯಲ್ಲಿದ್ದ ಪೇಪರಿನಲ್ಲಿ ಮೊದಲ ಪುಟಕ್ಕೇ ದಪ್ಪ ಅಕ್ಷರ: ‘ಆಸ್ಪತ್ರೆ ಸ್ಥಳಾಂತರಕ್ಕೆ ಜನಸಾಗರದ ಒಪ್ಪಿಗೆ’. ಮೇಲೆ ಕಂಟ್ರಾಕ್ಟರ್‌ನ ನಗುಮುಖ, ಕೆಳಗೆ ಬೆನ್ನು ಮಾಡಿ ನಿಂತ ಸಾವಿರಾರು ಜನ. ಭಾನುವಾರ ಸಭೆ ನಡೆಯಿತಂತೆ, ಬೀದಿಗೆ ಬೀದಿಯೇ ಬಂದು ಕೈಯೆತ್ತಿತಂತೆ. ಇವನು ಹೋಗಿರಲಿಲ್ಲ. ಭಾನುವಾರ ಅಂಗಡಿಯಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ಮೂಲೆಯ ಟೀವಿಯಲ್ಲಿ ನಾಲ್ಕು ಜನ ಕೂತು ಯಾರು ಗೆಲ್ಲುತ್ತಾರೆ, ಎಷ್ಟರಲ್ಲಿ ಗೆಲ್ಲುತ್ತಾರೆ ಎಂದು ಕಿರುಚಾಡುತ್ತಿದ್ದರು. ಆಸ್ಪತ್ರೆ ಹೋದರೆ ಬಸುರಿಯರು ಏನು ಮಾಡಬೇಕು ಎಂದು ಒಬ್ಬನಾದರೂ ಕೇಳಬೇಕಲ್ಲ, ಊಹೂಂ.

ಮಧ್ಯಾಹ್ನ ಊಟಕ್ಕೆ ಹೋದವನು ಹೆಂಡತಿಗೆ ಹೇಳಿದ, ಎಲ್ಲರೂ ಒಪ್ಪಿದ ಮೇಲೆ ನಾವೊಬ್ಬರು ಬೇಡ ಅಂದರೆ ನಿಷ್ಠುರ ಕಟ್ಟಿಕೊಂಡ ಹಾಗೆ, ಅವನಿಗೇ ಓಟು ಹಾಕಿ ಸುಮ್ಮನಾಗೋಣ ಎಂದು. ಹೆಂಡತಿ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು. ಮಗಳು ಮಾತ್ರ ಒಂದೇ ಮಾತು ಕೇಳಿದಳು.

“ಎರಡನೇ ಬಸ್ಸು ಎಷ್ಟು ಹೊತ್ತಿನವರೆಗೆ ಇರುತ್ತಪ್ಪಾ?”

ಅವನಿಗೆ ಗೊತ್ತಿರಲಿಲ್ಲ. ಬೇಗ ಕೈ ತೊಳೆದು ಅಂಗಡಿಗೆ ಬಂದ.

ಬಂದರೆ, ಪ್ರೆಸ್ ತಾತ ಆಗಲೇ ಕುರ್ಚಿಯಲ್ಲಿ ಕೂತಿದ್ದರು. ಮೂವತ್ತು ವರ್ಷ ಪೇಪರ್ ಆಫೀಸಿನಲ್ಲಿ ಪುಟ ಜೋಡಿಸಿ ರಿಟೈರಾದವರು. ಇವನು ಅವರ ಗಡ್ಡಕ್ಕೆ ನೊರೆ ಹಚ್ಚುತ್ತ ಅಭ್ಯಾಸಬಲದಿಂದ ಅವರ ಕೈಲಿದ್ದ ಪೇಪರಿಗೆ ಇಣುಕಿದ. ಅದೇ ಫೋಟೋ. ಕೆಳಗಿನ ಸಾಲಿನಲ್ಲಿ ಒಂದು ತಲೆ. ನೆತ್ತಿಯಲ್ಲಿ ಎರಡು ಸುಳಿ, ಎಡ ಕಿವಿಯ ಹಿಂದೆ ಕೂದಲು ಹುಟ್ಟದ ಗಾಯದ ಕಲೆ.

ಬ್ರಷ್ಷು ಪಕ್ಕಕ್ಕಿಟ್ಟು ಬಗ್ಗಿ ನೋಡಿದ. ಆ ತಲೆಗೆ ಅವನು ಹದಿನೈದು ವರ್ಷ ಕತ್ತರಿ ಹಾಕಿದ್ದ. ಅಕ್ಕನ ಗಂಡನ ತಲೆ ಅದು. ಎರಡು ಸುಳಿ ಇದ್ದವನಿಗೆ ಎರಡು ಮದುವೆಯಂತೆ, ಹುಷಾರು ಎಂದು ಅಕ್ಕನನ್ನು ರೇಗಿಸಿದ್ದೇ ರೇಗಿಸಿದ್ದು. ಭಾವ ತೀರಿಕೊಂಡು ಮೂರು ವರ್ಷವಾಗಿತ್ತು.

“ತಾತ, ಸತ್ತವರು ಭಾನುವಾರ ಸಭೆಗೆ ಹೇಗೆ ಬರ್ತಾರೆ?”

ತಾತ ಮುಖದ ತುಂಬ ನೊರೆ ಇಟ್ಟುಕೊಂಡೇ ಕನ್ನಡಕ ಏರಿಸಿದರು. ಫೋಟೋದಲ್ಲಿ ವೇದಿಕೆ ಎಲ್ಲಿದೆ ತೋರಿಸು ಎಂದರು. ಇರಲಿಲ್ಲ. ಕಂಟ್ರಾಕ್ಟರ್‌ನ ಮುಖ ಬೇರೆ, ಜನ ಬೇರೆ. ಒಪ್ಪಿದೆ ಅಂತ ಹೇಳಿದ ಒಬ್ಬನ ಹೆಸರಾದರೂ ಇದೆಯಾ ನೋಡು ಎಂದರು. ಅದೂ ಇಲ್ಲ. ಚುನಾವಣೆಯಲ್ಲಿ ಎದುರಿಗೆ ನಿಂತವರ ಮಾತು ಒಂದು ಸಾಲು? ಇಲ್ಲ. ಚುನಾವಣೆ ಬಂತೆಂದರೆ ಕೆಲವು ಕಡೆ ಜಾಹೀರಾತೇ ಸುದ್ದಿಯ ವೇಷ ಹಾಕುತ್ತದೆ, ಕೆಲವು ಸಲ ಅವಸರದಲ್ಲಿ ಹಳೇ ಫೋಟೋ ಹೊಸ ಸುದ್ದಿಗೆ ಅಂಟಿಕೊಳ್ಳುತ್ತದೆ, ಇದು ಯಾವುದೋ ನನಗೂ ಗೊತ್ತಿಲ್ಲ ಎಂದರು ತಾತ.

ಅಂಗಡಿಯವನಿಗೆ ಈಗ ತಾತನ ಮೇಲೇ ಗುಮಾನಿ ಬಂತು. ಈ ಮುದುಕ ಎದುರು ಪಾರ್ಟಿಯವರ ಕಡೆಯೋ ಏನೋ? ಮನಸ್ಸಿನಲ್ಲಿದ್ದದ್ದು ಬಾಯಿಗೂ ಬಂದುಬಿಟ್ಟಿತು.

ತಾತ ಬೇಜಾರು ಮಾಡಿಕೊಳ್ಳಲಿಲ್ಲ. “ಪಡು, ನನ್ನ ಮೇಲೂ ಅನುಮಾನ ಪಡು. ಆದರೆ ಅನುಮಾನಪಟ್ಟು ಸುಮ್ಮನೆ ಕೂರಬೇಡ, ಹೋಗಿ ವಿಚಾರಿಸು. ಎಲ್ಲ ಪೇಪರೂ ಸುಳ್ಳು ಅಂದುಬಿಟ್ಟರೆ ಕಂಟ್ರಾಕ್ಟರ್‌ಗೆ ಇನ್ನೂ ಅನುಕೂಲ. ಆಮೇಲೆ ನಿಜ ಬರೆದರೂ ಯಾರು ನಂಬ್ತಾರೆ?”

ಎರಡು ದಿನ ಕುರ್ಚಿಗೆ ಬಂದ ತಲೆಗಳನ್ನೆಲ್ಲ ಅವನು ವಿಚಾರಿಸಿದ. ಭಾನುವಾರ ಸಭೆಗೆ ಹೋಗಿದ್ರಾ? ಟೈಲರ್ ಹೋಗಿರಲಿಲ್ಲ. ಬಸ್ ಡ್ರೈವರ್ ಹೋಗಿರಲಿಲ್ಲ. ಬೇಕರಿಯವನಿಗೆ ಸಭೆ ಎಲ್ಲಿ ನಡೆಯಿತು ಎಂದೇ ಗೊತ್ತಿಲ್ಲ. ಎಲ್ಲರದ್ದೂ ಒಂದೇ ರಾಗ: ನಾನು ಹೋಗಿಲ್ಲಪ್ಪ, ಮಿಕ್ಕವರೆಲ್ಲ ಹೋಗಿದ್ರಂತಲ್ಲ, ಎಲ್ಲರೂ ಒಪ್ಪಿದ ಮೇಲೆ ನಂದೇನು? ಮೂವತ್ತೊಂದು ತಲೆಗೆ ಕತ್ತರಿ ಹಾಕಿದ, ಹೋದವನು ಒಬ್ಬನೂ ಸಿಗಲಿಲ್ಲ. ಅವನಿಗೆ ಮೈಯೆಲ್ಲ ಉರಿದುಹೋಯಿತು. ನಾನಾದರೂ ಕೇಳಿ ತಲೆ ಬೋಳಿಸ್ತೀನಿ, ಇವರು ಬೀದಿಗೆ ಬೀದಿಯನ್ನೇ ಕೇಳದೆ ಬೋಳಿಸಿದ್ದಾರಲ್ಲ ಎಂದುಕೊಂಡ.

ಆದರೂ ಒಳಗೊಂದು ಅಳುಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ. ಎರಡು ಸುಳಿಯವರು ಊರಲ್ಲಿ ಇನ್ನೊಬ್ಬರು ಇರಬಾರದೇ? ಪೇಪರ್ ಮಡಚಿಕೊಂಡು ಅಕ್ಕನ ಮನೆಗೆ ಹೋದ.

ಅಕ್ಕ ನೋಡಿದಳು. ಒಳಗೆ ಹೋಗಿ ಬೀರುವಿನ ಬಟ್ಟೆಯ ಅಡಿಯಿಂದ ಹಳದಿಯಾದ ಪೇಪರ್ ತುಂಡೊಂದು ತಂದಳು. ಅದೇ ಪೇಪರು, ಅದೇ ಫೋಟೋ, ನಾಲ್ಕು ವರ್ಷದ ಹಿಂದಿನ ತಾರೀಖು. ಫೋಟೋದಲ್ಲಿ ಗಂಡ ಇದ್ದಾನೆಂದು ಕತ್ತರಿಸಿ ಇಟ್ಟುಕೊಂಡಿದ್ದಳು. ಮೇಲಿನ ಅಕ್ಷರ ಮಾತ್ರ ಬೇರೆ: ‘ಹೆರಿಗೆ ಆಸ್ಪತ್ರೆಗೆ ಡಾಕ್ಟರ್ ಬೇಕು: ಜನರ ಪಟ್ಟು’.

ಆಸ್ಪತ್ರೆ ಬೇಕೆಂದು ಬಿಸಿಲಲ್ಲಿ ನಿಂತಿದ್ದ ಜನರನ್ನೇ ಆಸ್ಪತ್ರೆ ಬೇಡ ಎಂದವರನ್ನಾಗಿ ಮಾಡಿದ್ದರು.

ಅಕ್ಕನ ಕಣ್ಣು ತುಂಬಿತ್ತು. “ಸತ್ತವರ ಕೈಲೂ ಓಟು ಕೇಳಿಸ್ತಾರಲ್ಲೋ,” ಎಂದಳು. ಆಮೇಲೆ ಭಾವನ ಪಕ್ಕದ ತಲೆಯ ಮೇಲೆ ಬೆರಳಿಟ್ಟಳು. “ಇದು ಯಾರು, ಹೇಳು ನೋಡೋಣ?”

ಅಂಗಡಿಯವನು ಕಣ್ಣು ಕಿರಿದು ಮಾಡಿ ನೋಡಿದ. ಹಿಂದೆ ವಕ್ರವಾಗಿ ಕತ್ತರಿಸಿದ ಕೂದಲು, ದಪ್ಪ ಕತ್ತು. ಗೊತ್ತಾಗಲಿಲ್ಲ. ನನ್ನ ಕೈಯ ಕಟಿಂಗ್ ಅಲ್ಲ ಎಂದ.

“ನಿನ್ನದೇ ಕಣೋ. ಊರ ತಲೆಯೆಲ್ಲ ಗೊತ್ತು ನಿನಗೆ, ನಿನ್ನ ತಲೆ ಗೊತ್ತಿಲ್ಲ.”

ಅವತ್ತು ಭಾವ ಕೈ ಹಿಡಿದು ಎಳೆದುಕೊಂಡು ಹೋಗಿದ್ದು ಆಗ ನೆನಪಾಯಿತು. ಮಗಳ ಬಸ್ಸಿನ ಮಾತೂ ನೆನಪಾಯಿತು. ಅವನಿಗೆ ನಾಚಿಕೆಯಾಯಿತು.

ಮಾರನೇ ದಿನ ಅಂಗಡಿಗೆ ಅರ್ಧ ದಿನ ಬೀಗ. ತಾತ ಬರೆದುಕೊಟ್ಟ ಅರ್ಜಿಯ ಜೊತೆ ಎರಡೂ ಪೇಪರಿನ ಜೆರಾಕ್ಸ್ ಇಟ್ಟು ಸಂಪಾದಕರಿಗೊಂದು, ಚುನಾವಣಾ ಅಧಿಕಾರಿಗೊಂದು ಕೊಟ್ಟು ಬಂದ. ನಾಲ್ಕನೇ ದಿನ ಪೇಪರಿನಲ್ಲಿ, ಫೋಟೋ ಹಳೆಯದೆಂದು ತಿದ್ದುಪಡಿ ಬಂತು. ಸುಳ್ಳಿಗೆ ಮೊದಲ ಪುಟ, ನಿಜಕ್ಕೆ ಏಳನೇ ಪುಟದ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗ. ಪರವಾಗಿಲ್ಲ. ಅವನು ಹಳೇ ಸುದ್ದಿ, ಹೊಸ ಸುದ್ದಿ, ತಿದ್ದುಪಡಿ, ಮೂರನ್ನೂ ಕನ್ನಡಿಗೆ ಅಂಟಿಸಿದ. ಕುರ್ಚಿಗೆ ಕೂತವರು ಬೇಡವೆಂದರೂ ಓದಲೇಬೇಕಿತ್ತು. ಓಟಿನ ದಿನ ಅಪ್ಪ, ಅಮ್ಮ, ಮಗಳು ಮೂವರೂ ಆಸ್ಪತ್ರೆಯ ಮುಂದೆಯೇ ನಡೆದುಹೋಗಿ, ಯಾರನ್ನೂ ಕೇಳದೆ ತಮಗೆ ಸರಿಕಂಡವರಿಗೆ ಓಟು ಹಾಕಿ ಬಂದರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಯಾರಿಗೆ ಓಟು ಹಾಕಿ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರ ಮೇಲೂ ಒಂದು ಕಣ್ಣಿಡಿ. ಸುದ್ದಿಯ ಪಕ್ಕದಲ್ಲಿ ‘ಜಾಹೀರಾತು’ ಎಂಬ ಸಣ್ಣ ಅಕ್ಷರ ಅಡಗಿ ಕೂತಿದೆಯೇ, ಎದುರಿನವರ ಮಾತೂ ಇದೆಯೇ ಎಂದು ಹುಡುಕಿ. ಇನ್ನೊಂದು ಪೇಪರ್ ತಿರುವಿ, ಪಕ್ಕದ ಮನೆಯವರನ್ನು ಕೇಳಿ, ತಪ್ಪು ಕಂಡರೆ ಎರಡು ಸಾಲು ದೂರು ಬರೆಯಿರಿ. ನಾಳೆ ಬೆಳಿಗ್ಗೆ ‘ಜನ ಒಪ್ಪಿದರು’ ಎಂದು ದಪ್ಪ ಅಕ್ಷರದಲ್ಲಿ ಬಂದರೆ, ಆ ತಲೆಗಳ ನಡುವೆ ಮೊದಲು ನಿಮ್ಮ ತಲೆಯನ್ನು ಹುಡುಕಿ. ನಿಮ್ಮನ್ನು ಯಾರಾದರೂ ಕೇಳಿದ್ದರೇ?