ನಾಲಿಗೆಯ ಎಡ ಅಂಚು

ಚಾಮರಾಜಪೇಟೆಯ ದೊಡ್ಡಬೈರಪ್ಪನ ಕಸುಬು ಮಾತಾಡುವುದು. ಮನೆ ಮಾರಿಸುವುದು, ಬಾಡಿಗೆದಾರನನ್ನು ಬಿಡಿಸುವುದು, ಆಸ್ತಿಗೆ ಜಗಳವಾಡುವ ಅಣ್ಣತಮ್ಮಂದಿರನ್ನು ಕೂರಿಸಿ ಪಂಚಾಯ್ತಿ ಮಾಡುವುದು, ಎಲ್ಲಕ್ಕೂ ಬಾಯೇ ಬಂಡವಾಳ. ಆ ಬಾಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಸದಾ ಇರುತ್ತಿತ್ತು. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ಅವನ ಹೆಂಡತಿ ಸುಬ್ಬಮ್ಮ ಮನೆಯಲ್ಲಿ ಒಂದು ವಾಕ್ಯ ಪೂರ್ತಿ ಮುಗಿಸಿದ್ದು ಕಡಿಮೆ. ಅದಕ್ಕವಳು ಬೇಸರಪಟ್ಟುಕೊಂಡಿರಲಿಲ್ಲ, ಚಿಕ್ಕ ವಾಕ್ಯಗಳನ್ನು ರೂಢಿ ಮಾಡಿಕೊಂಡಿದ್ದಳು.

ನಾಲಿಗೆಯ ಎಡ ಅಂಚಿನಲ್ಲಿ ಹುಣ್ಣಾದಾಗ ಅವನು ತಪ್ಪನ್ನು ಮುರಿದ ದವಡೆಹಲ್ಲಿನ ಮೇಲೆ ಹಾಕಿದ. ಹಲ್ಲು ಕೀಳಿಸಿದ. ಹುಣ್ಣು ಹೋಗಲಿಲ್ಲ. ವಿಟಮಿನ್ ಮಾತ್ರೆ ನುಂಗಿದ, ಜೇನುತುಪ್ಪ ಸವರಿದ. ಹುಣ್ಣು ಹೋಗಲಿಲ್ಲ. ಸಾರಿಗೆ ಖಾರ ಹಾಕಲೇಬೇಡ ಎಂದ ದಿನ ಸುಬ್ಬಮ್ಮ, "ತೋರ್ಸೋಣ" ಎಂದಳು.

ಬಾಯಿ, ಗಂಟಲಿನ ಕ್ಯಾನ್ಸರ್ ನೋಡುವ ಸರ್ಜನ್ ಪ್ರಿಯಂವದಾ ಹುಣ್ಣಿನ ಸುತ್ತ ಬೆರಳಿನಿಂದ ಒತ್ತಿ ನೋಡಿ, ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿ ಬರುವವರೆಗೆ ದೊಡ್ಡಬೈರಪ್ಪ ಸುಮ್ಮನೆ ಕೂರಲಿಲ್ಲ. ಯಾರೋ ಹೇಳಿದರೆಂದು ವಿಶ್ವೇಶ್ವರಪುರದ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು, ಅದರಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ ಟ್ಯೂಮರ್ ಮಾರ್ಕರ್ ಪರೀಕ್ಷೆ ಮಾಡಿಸಿದ. ನಾರ್ಮಲ್ ಬಂತು. ಮೈಸೂರುಪಾಕ್ ತಂದು ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಿದ. ತಾನೂ ಒಂದು ಚೂರು ಬಾಯಿಗಿಟ್ಟು, ಉರಿ ತಾಳದೆ ಬೇಸಿನ್ನಿಗೆ ಉಗಿದ.

"ರಕ್ತದಲ್ಲಿ ಏನೂ ಇಲ್ವಂತೆ ಡಾಕ್ಟ್ರೇ," ಎಂದು ಪ್ರಿಯಂವದಾ ಅವರ ಮೇಜಿನ ಮೇಲೆ ಕಾಗದ ಇಟ್ಟ.

"ಕ್ಯಾನ್ಸರ್ ಇದ್ರೂ ಎಷ್ಟೋ ಸಲ ಅದು ನಾರ್ಮಲ್ ಬರುತ್ತೆ. ನಂಬೋಕಾಗಲ್ಲ. ತೀರ್ಮಾನ ಮಾಡೋದು ಬಯಾಪ್ಸಿ. ಅದರಲ್ಲಿ ಇದೆ. ಸ್ಕ್ವಾಮಸ್ ಸೆಲ್ ಅಂತಾರೆ, ಬಾಯಿಯ ಮೇಲ್ಪದರದಲ್ಲಿ ಹುಟ್ಟೋದು."

ದೊಡ್ಡಬೈರಪ್ಪ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ.

"ಎಲ್ಲರಿಗೂ ಒಂದೇ ಥರ ಬೆಳೆಯಲ್ಲ," ಪ್ರಿಯಂವದಾ ಮುಂದುವರಿಸಿದರು. "ಕೆಲವು ಒಟ್ಟಾಗಿ ತಳ್ಕೊಂಡು ಬರುತ್ವೆ. ನಿಮ್ಮದು ಸಣ್ಣ ಸಣ್ಣ ಎಳೆಯಾಗಿ, ಅಲ್ಲಿಷ್ಟು ಇಲ್ಲಿಷ್ಟು ಒಳಗೆ ನುಗ್ಗಿದೆ. ಇದು ಸ್ವಲ್ಪ ಕೆಟ್ಟ ಜಾತಿ. ಅಗಲವಾಗಿ ತೆಗೀಬೇಕು, ಕತ್ತಿನ ಗಂಟುಗಳನ್ನೂ ತೆಗೀಬೇಕು."

"ಒತ್ತುವರಿ," ಎಂದ ದೊಡ್ಡಬೈರಪ್ಪ. ಅದು ಅವನಿಗೆ ತಿಳಿದ ವಿಷಯ. "ಬೌಂಡ್ರಿ ಹೆಂಗ್ ಗೊತ್ತಾಗುತ್ತೆ?"

"ಕಣ್ಣಿಗೆ ಕಾಣಲ್ಲ. ಅದಕ್ಕೇ ಕಂಡಿದ್ದಕ್ಕಿಂತ ಆಚೆಗೆ ಕತ್ತರಿಸ್ತೀವಿ. ಹೆಚ್ಚುಕಮ್ಮಿ ಅರ್ಧ ನಾಲಿಗೆ ಹೋಗುತ್ತೆ. ಮುಂಗೈ ಚರ್ಮ ತಂದು ಹೊಲೀತೀವಿ."

ಉಳಿದ ಅರ್ಧದಲ್ಲಿ ಎಷ್ಟು ಮಾತಾಡಬಹುದು ಎಂದು ಅವನು ಕೇಳಲಿಲ್ಲ. ಸುಬ್ಬಮ್ಮ ಕೇಳಿದಳು.

"ಮಾತು ಬರುತ್ತಮ್ಮ. ಸ್ಪಷ್ಟ ಇರಲ್ಲ."

ಆಪರೇಷನ್ನಿನ ಬೆಳಿಗ್ಗೆ ದೊಡ್ಡಬೈರಪ್ಪ ಆಸ್ಪತ್ರೆಯ ಹಾಸಿಗೆಯಿಂದಲೇ ಪರಿಚಯದವರಿಗೆಲ್ಲ ಫೋನ್ ಮಾಡಿ ಮಾತಾಡಿದ. ಅಕ್ಕಿಪೇಟೆಯ ಒಬ್ಬ ವ್ಯಾಪಾರಿಯನ್ನು ಬೈಯುವುದು ಬಾಕಿಯಿತ್ತು, ಬೈದ. ಸ್ಟ್ರೆಚರ್ ಬಂದಾಗ ಫೋನನ್ನು ಹೆಂಡತಿಯ ಕೈಗಿತ್ತು, "ಸುಬ್ಬೂ" ಎಂದ. ಮದುವೆಯಾದಾಗಿನಿಂದ "ಏ ಇವ್ಳೇ" ಎನ್ನಿಸಿಕೊಂಡೇ ರೂಢಿಯಿದ್ದ ಅವಳು ಯಾರನ್ನು ಕರೆದನೆಂದು ಹಿಂದಕ್ಕೆ ತಿರುಗಿದಳು. ಮತ್ತೆ ಇತ್ತ ನೋಡುವಷ್ಟರಲ್ಲಿ ಸ್ಟ್ರೆಚರ್ ಬಾಗಿಲು ದಾಟಿತ್ತು. ಕಾರಿಡಾರಿನ ಕುರ್ಚಿಯಲ್ಲಿ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಆಮೇಲೆ ರೇಡಿಯೇಷನ್ನೂ ಆಯಿತು. ದೊಡ್ಡಬೈರಪ್ಪ ಇಳಿದುಹೋದ, ಆದರೆ ಉಳಿದ. ಹೊಗೆಸೊಪ್ಪು ಬಿಟ್ಟ. ಮಾತು ಬಂತು, ಬಾಯಿ ತುಂಬ ಮುದ್ದೆ ಇಟ್ಟುಕೊಂಡವನ ಮಾತು. ಮನೆಗೆ ಬಂದವರಿಗೆ ಒಂದೂ ತಿಳಿಯುತ್ತಿರಲಿಲ್ಲ. ಸುಬ್ಬಮ್ಮನಿಗೆ ಎಲ್ಲವೂ ತಿಳಿಯುತ್ತಿತ್ತು. ಅವನು ಮುಂದೇನು ಹೇಳುತ್ತಾನೆಂಬುದು ಅವಳಿಗೆ ಯಾವತ್ತಿನಿಂದಲೂ ಗೊತ್ತಿದ್ದದ್ದೇ.

ವೈಯಾಲಿಕಾವಲ್‌ನಿಂದ ಶಶಿಕುಮಾರ್ ಮತ್ತು ಅವನ ತಮ್ಮ ಅನಿಲ್ ಕುಮಾರ್ ತಂದೆಯ ಮನೆ ಪಾಲು ಮಾಡಿಸಿಕೊಳ್ಳಲು ಬಂದರು. ದೊಡ್ಡಬೈರಪ್ಪ ಇಬ್ಬರ ಮಾತೂ ಕೇಳಿ ತೀರ್ಪು ಕೊಟ್ಟ. ತಮ್ಮ ಶುದ್ಧ ಕುಡುಕ, ಮನೆ ಅಣ್ಣನಿಗೇ ಇರಲಿ ಎಂದು ಅವನು ಅಂದದ್ದು. ಇಬ್ಬರೂ ಸುಬ್ಬಮ್ಮನ ಮುಖ ನೋಡಿದರು.

"ಕೆಳಗಿನ ಮನೆ ಅಣ್ಣಂಗೆ, ಮೇಲಿಂದು ತಮ್ಮಂಗೆ ಅಂತಿದಾರೆ," ಎಂದಳು ಸುಬ್ಬಮ್ಮ. ಸ್ವಲ್ಪ ಯೋಚಿಸಿ, "ನಿಮ್ತಾಯಿ ಎಲ್ಲಿರ್ತಾರೆ ಅಂತ ಕೇಳ್ತಿದಾರೆ," ಎಂದೂ ಸೇರಿಸಿದಳು.

ತಾಯಿಯ ಮಾತನ್ನು ಅದುವರೆಗೆ ಯಾರೂ ಎತ್ತಿರಲಿಲ್ಲ. ಅಣ್ಣತಮ್ಮಂದಿರು ತಲೆ ತಗ್ಗಿಸಿದರು. ದೊಡ್ಡಬೈರಪ್ಪ ಟೀಪಾಯಿ ಗುದ್ದಿ ಏನೋ ಅಂದ.

"ಬೇಗ ಹೇಳ್ಬೇಕಂತೆ," ಎಂದಳು.

ತಾಯಿ ಕೆಳಗಿನ ಮನೆಯಲ್ಲಿ, ಊಟ ಇಬ್ಬರದೂ ಎಂದು ಒಪ್ಪಿಕೊಂಡು, ದೊಡ್ಡಬೈರಪ್ಪನ ಕಾಲಿಗೆ ಬಿದ್ದು ಹೋದರು.

"ನಾನಂದಿದ್ದೇನು, ನೀನ್ ಹೇಳಿದ್ದೇನು?" ಎಂದ ಅವನು.

"ಒಪ್ಪಿದ್ರಲ್ಲ," ಎಂದು ಸುಬ್ಬಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡಳು.

ಆ ವಾರವೆಲ್ಲ ಅವನು ಅವಳ ಜೊತೆ ಮಾತು ಬಿಟ್ಟ. ಮುಂದಿನ ಪಂಚಾಯ್ತಿ ಬಂದಾಗ, ಬಂದವರನ್ನು ಕೂರಿಸಿ, ತನ್ನ ಪಕ್ಕಕ್ಕೆ ಇನ್ನೊಂದು ಕುರ್ಚಿ ತಾನೇ ಎಳೆದು ಹಾಕಿದ.

ತಪಾಸಣೆಗೆ ಹೋದಾಗ ಪ್ರಿಯಂವದಾ ಬಾಯಿ ನೋಡಿ, ಕತ್ತು ಒತ್ತಿ, ಸದ್ಯಕ್ಕೆ ಎಲ್ಲೂ ಏನೂ ಇಲ್ಲ ಎಂದರು. ಮನೆಯಲ್ಲಿ ಹೇಗಿದ್ದೀರಿ ಎಂದು ಕೇಳಿದರು. ದೊಡ್ಡಬೈರಪ್ಪ ಬಹಳ ಹೊತ್ತು ಉತ್ತರ ಕೊಟ್ಟ.

"ಆರಾಮಾಗಿದಾರಂತೆ," ಎಂದಳು ಸುಬ್ಬಮ್ಮ.

"ಅವರು ಹಾಗಂದಿಲ್ಲಮ್ಮ," ಎಂದರು ದಿನಾ ಇಂಥ ನಾಲಿಗೆಗಳ ಮಾತನ್ನೇ ಕೇಳುವ ಪ್ರಿಯಂವದಾ.

ದೊಡ್ಡಬೈರಪ್ಪ ಸಾಕ್ಷಿ ಸಿಕ್ಕ ಕಕ್ಷಿದಾರನಂತೆ ಕುರ್ಚಿಯಲ್ಲಿ ನೆಟ್ಟಗಾದ. ಸುಬ್ಬಮ್ಮ ಸೆರಗು ಸರಿಮಾಡಿಕೊಂಡು, ಮತ್ತೆ ಯಾವಾಗ ಬರಬೇಕು ಎಂದು ಕೇಳಿದಳು.